ಲ್ಯಾಬ್ ಹೇಳುವ ಮೊದಲೇ ಎಂಡಿಎಂಎ ಅನ್ನಬೇಡಿ, ಹೇಳಿದ ಮೇಲೆ ಸುಮ್ಮನಿರಬೇಡಿ

ಮಾನ್ಯ ಸಂಪಾದಕರೇ,

ಮಾದಕವಸ್ತು ಸುದ್ದಿ ಇಲ್ಲದ ವಾರವೇ ಈಗ ಇಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಬ್ಬರ ಬಂಧನ, ಇಷ್ಟು ಗ್ರಾಂ ಎಂಡಿಎಂಎ ವಶ, ಮೌಲ್ಯ ಇಷ್ಟು ಲಕ್ಷ. ಜೊತೆಗೆ ಫೋಟೊ: ಮೇಜಿನ ಮೇಲೆ ಸಣ್ಣ ಸಣ್ಣ ಪ್ಲಾಸ್ಟಿಕ್ ಕವರು, ಹಿಂದೆ ಸಾಲಾಗಿ ನಿಂತ ಅಧಿಕಾರಿಗಳು. ಬಂಧನ ಆದ ಮರುದಿನವೇ ಸುದ್ದಿ ಬಂದಿರುತ್ತದೆ. ಆ ಹೊತ್ತಿಗೆ ಆ ಪುಡಿ ಲ್ಯಾಬಿನ ಬಾಗಿಲನ್ನೂ ದಾಟಿರುವುದಿಲ್ಲ. ಹಾಗಾದರೆ ಅದು ಎಂಡಿಎಂಎ ಅಂತ ಹೇಳಿದವರು ಯಾರು?

ನಾನು ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯವೊಂದರ ಮಾದಕವಸ್ತು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಂಥ ಕವರುಗಳನ್ನು ಬಿಚ್ಚಿ, ಒಳಗಿರುವುದು ಏನು ಅಂತ ಕೋರ್ಟಿಗೆ ಬರೆದುಕೊಡುವುದೇ ನನ್ನ ಕೆಲಸವಾಗಿತ್ತು. ಅಷ್ಟೂ ವರ್ಷ ನನ್ನನ್ನು ಕಾಡಿದ ಒಂದು ವಿಷಯವನ್ನು ನಿಮ್ಮ ಓದುಗರ ಮುಂದೆ ಇಡಬೇಕು ಅನ್ನಿಸಿದೆ. ಯಾರಿಗೂ ಏನೂ ಖಾತ್ರಿ ಇಲ್ಲದ ದಿನ ಪುಡಿಯ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಲ್ಯಾಬಿನಲ್ಲಿ ಅದು ನಿಜವಾಗಿ ಏನೆಂದು ಗೊತ್ತಾದ ದಿನ ಒಂದು ಸಾಲೂ ಬರುವುದಿಲ್ಲ. ಇದು ತಲೆಕೆಳಗಾದ ಪದ್ಧತಿ. ಹೊಸ ಹೊಸ ಸಿಂಥೆಟಿಕ್ ಡ್ರಗ್ಸ್ ಬರುತ್ತಿರುವ ಈ ಕಾಲದಲ್ಲಿ ಇದರಿಂದ ಜೀವಕ್ಕೇ ಅಪಾಯ ಇದೆ.

ಪೊಲೀಸರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರ ಕೈಯಲ್ಲಿ ಇರುವುದು ಫೀಲ್ಡ್ ಕಿಟ್. ಪುಡಿಯ ಮೇಲೆ ಒಂದೆರಡು ಹನಿ ರೀಏಜೆಂಟ್ ಹಾಕಿ ಬಣ್ಣ ನೋಡುತ್ತಾರೆ. ಮಾರ್ಕ್ವಿಸ್ ರೀಏಜೆಂಟ್ ಅಂದರೆ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬೆರೆಸಿದ ಫಾರ್ಮಾಲ್ಡಿಹೈಡ್. ಎಂಡಿಎಂಎ ಇದ್ದರೆ ಕಡು ನೇರಳೆ ಬಣ್ಣ ಬಂದು ಕಪ್ಪಿಗೆ ತಿರುಗುತ್ತದೆ. ಆದರೆ ಅದರ ಹತ್ತಿರದ ನೆಂಟ ಎಂಡಿಎ ಇದ್ದರೂ ಅದೇ ಬಣ್ಣ ಬರುತ್ತದೆ. ಮೆಥಾಂಫೆಟಮೈನ್ ಇದ್ದರೆ ಕಿತ್ತಳೆ ಕಡೆಗೆ ಹೋಗುತ್ತದೆ. ಮೆಫೆಡ್ರೋನ್ ಅನ್ನುವ ಇನ್ನೊಂದು ಸಿಂಥೆಟಿಕ್ ಡ್ರಗ್‌ಗೆ ಬಣ್ಣ ಏಳುವುದೇ ಕಷ್ಟ. ಪುಡಿಯಲ್ಲಿ ಎರಡು ಮೂರು ವಸ್ತು ಬೆರೆತಿದ್ದರಂತೂ ಗಾಢ ಬಣ್ಣದ್ದೇ ಗೆಲುವು, ಉಳಿದದ್ದು ಕಾಣುವುದೇ ಇಲ್ಲ. ಮುಂದೆ ಸರಿಯಾಗಿ ಪರೀಕ್ಷೆ ಮಾಡಬೇಕೋ ಬೇಡವೋ ಅಂತ ತೀರ್ಮಾನಿಸಲು ಕಿಟ್ ಸಾಕು. ಹೆಸರಿಡಲು ಸಾಲದು. ಸಿಕ್ಕಿಬಿದ್ದ ಹುಡುಗ ಹೇಳುವುದೂ ಸಾಕ್ಷಿಯಲ್ಲ. ಅವನಿಗೆ ಮಾರಿದವನು ಹೇಳಿದ್ದನ್ನೇ ಅವನೂ ಹೇಳುತ್ತಾನೆ. ಮಾರಿದವನಿಗೂ ಗೊತ್ತಿರುವುದು ಅಷ್ಟರಲ್ಲೇ.

ಹೆಸರು ತಪ್ಪಿದರೆ ಏನು ಮಹಾ, ಯಾವುದಾದರೂ ವಿಷವೇ ಅಲ್ವಾ ಅಂತ ಕೇಳುವವರಿದ್ದಾರೆ. ಕಾನೂನು ಹಾಗೆ ನೋಡುವುದಿಲ್ಲ. ಮಾದಕವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಎಂಡಿಎಂಎ 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ, ಅಂದರೆ ಅತಿ ಕಠಿಣ ಶಿಕ್ಷೆಯ ಮಟ್ಟ. ಮೆಫೆಡ್ರೋನ್ ಆದರೆ 50 ಗ್ರಾಂ. ಒಬ್ಬನ ಬಳಿ 20 ಗ್ರಾಂ ಸಿಕ್ಕಿತು ಅನ್ನೋಣ. ಅದು ಎಂಡಿಎಂಎ ಆದರೆ ಕನಿಷ್ಠ 10 ವರ್ಷ ಜೈಲು, ಜಾಮೀನು ಸಿಗುವುದು ಬಹಳ ಕಷ್ಟ. ಮೆಫೆಡ್ರೋನ್ ಆದರೆ ಹೆಚ್ಚೆಂದರೆ 10 ವರ್ಷ, ಜಾಮೀನಿನ ದಾರಿಯೂ ಅಷ್ಟು ಬಿಗಿ ಇಲ್ಲ. ಅದೇ ತೂಕ, ಅದೇ ಬಿಳಿ ಪುಡಿ. ಪತ್ರಿಕೆಯಲ್ಲಿ ಒಂದು ಹೆಸರು ಬಂದು, ಲ್ಯಾಬ್ ವರದಿಯಲ್ಲಿ ಇನ್ನೊಂದು ಬಂದರೆ, ಪೊಲೀಸರು ಪುಡಿ ಬದಲಾಯಿಸಿದ್ದಾರೆ ಅಂತ ವಾದಿಸಲು ವಕೀಲರಿಗೆ ಅಷ್ಟೇ ಸಾಕು.

ಅವಸರದಲ್ಲಿ ಹೆಸರು ಅಂಟಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಒಂದು ಪ್ರಸಂಗ ನೋಡಿ. 2010ರ ಮಾರ್ಚಿನಲ್ಲಿ ಸ್ಕನ್‌ಥಾರ್ಪ್ ಎಂಬ ಊರಿನಲ್ಲಿ ಇಬ್ಬರು ಹುಡುಗರು ಸತ್ತರು. ಆಗ ಮೆಫೆಡ್ರೋನ್ ಅಲ್ಲಿ ಹೊಸದು, ಆನ್‌ಲೈನಿನಲ್ಲಿ ಗಿಡಕ್ಕೆ ಹಾಕುವ ಗೊಬ್ಬರ ಅಂತ ಹೆಸರು ಹಚ್ಚಿ ರಾಜಾರೋಷವಾಗಿ ಮಾರುತ್ತಿದ್ದರು. ಅದೇ ಕೊಂದಿರಬೇಕು ಅಂತ ಪೊಲೀಸರು ಅನುಮಾನ ಪಟ್ಟರು, ಪತ್ರಿಕೆಗಳು ಅದನ್ನೇ ದೊಡ್ಡಕ್ಷರದಲ್ಲಿ ಬರೆದವು. ಏಪ್ರಿಲ್ 16ಕ್ಕೆ ನಿಷೇಧವೂ ಬಂತು. ಮೇ ಕೊನೆಗೆ ರಕ್ತಪರೀಕ್ಷೆಯ ಫಲಿತಾಂಶ ಬಂದಾಗ ಇಬ್ಬರ ದೇಹದಲ್ಲೂ ಮೆಫೆಡ್ರೋನ್ ಇರಲಿಲ್ಲ. ಮೆಫೆಡ್ರೋನ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅದು ಎಷ್ಟು ಮನೆ ಹಾಳು ಮಾಡಿದೆ ಅಂತ ನನಗೆ ಗೊತ್ತು, ನಮ್ಮ ದೇಶದಲ್ಲೂ 2015ರಲ್ಲಿ ಅದನ್ನು ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದ್ದು ಸರಿಯಾದ ಕೆಲಸ. ನನ್ನ ಸಂಕಟ ಬೇರೆ. ಎಲ್ಲರೂ ಮೆಫೆಡ್ರೋನ್ ಕಡೆ ಬೊಟ್ಟು ಮಾಡುತ್ತಿದ್ದ ಆ ವಾರಗಳಲ್ಲಿ, ಆ ಮಕ್ಕಳನ್ನು ನಿಜವಾಗಿ ಕೊಂದದ್ದು ಏನು ಅಂತ ಯಾರೂ ಎಚ್ಚರಿಸಲಿಲ್ಲ.

ಲ್ಯಾಬಿನಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಯಾಕೆ ತಡವಾಗುತ್ತದೆ ಅಂತ ಜನರಿಗೆ ತಿಳಿಯಬೇಕು.

ಮುದ್ದೆಮಾಲಿನ, ಅಂದರೆ ವಶಪಡಿಸಿಕೊಂಡ ಮಾಲಿನ, ಸ್ಯಾಂಪಲ್ಲು ಅರಗಿನ ಸೀಲು ಹಾಕಿಕೊಂಡು ಬರುತ್ತದೆ. ಜೊತೆಗೆ ಮಾದರಿ ಸೀಲು. ಎರಡೂ ಹೊಂದುತ್ತವೆಯೇ ಅಂತ ಮೊದಲು ನೋಡುತ್ತೇವೆ. ತೂಕ ಮಾಡುತ್ತೇವೆ. ಬಣ್ಣ ನೋಡುವ ಸ್ಪಾಟ್ ಟೆಸ್ಟ್, ಬೆರಕೆಯನ್ನು ತೆಳು ಪದರದ ಮೇಲೆ ಬೇರ್ಪಡಿಸುವ ಟಿಎಲ್‌ಸಿ ಪ್ಲೇಟು, ಆಮೇಲೆ ಜಿಸಿ-ಎಂಎಸ್ ಯಂತ್ರ. ಚಿಟಿಕೆ ಪುಡಿಯನ್ನು ಮೆಥನಾಲಿನಲ್ಲಿ ಕರಗಿಸಿ, ಒಂದೇ ಒಂದು ಮೈಕ್ರೋಲೀಟರ್ ಒಳಗೆ ಬಿಟ್ಟರೆ ಸಾಕು. ಅದು ಆವಿಯಾಗಿ, ಸುರುಳಿ ಸುತ್ತಿದ ಸುಮಾರು 30 ಮೀಟರ್ ಉದ್ದದ ಸಪೂರ ಕೊಳವೆಯಲ್ಲಿ ಸಾಗುತ್ತದೆ. ಬೆರಕೆಯಲ್ಲಿರುವ ಒಂದೊಂದು ವಸ್ತುವೂ ತನ್ನದೇ ಹೊತ್ತಿಗೆ ಹೊರಬರುತ್ತದೆ. ಹೊರಬಂದ ಕೂಡಲೇ ಎಲೆಕ್ಟ್ರಾನ್‌ಗಳ ಹೊಡೆತಕ್ಕೆ ಸಿಕ್ಕಿ ಚೂರಾಗುತ್ತದೆ. ಆ ಚೂರುಗಳ ತೂಕದ ಚಿತ್ರವನ್ನು ಕಂಪ್ಯೂಟರಿನಲ್ಲಿರುವ ಲೈಬ್ರರಿಯ ಜೊತೆ ಹೋಲಿಸಿ ನೋಡುತ್ತೇವೆ.

ಹಳೆಯ ಡ್ರಗ್ಸ್‌ಗೆ ಇದು ಚೆನ್ನಾಗಿ ನಡೆಯುತ್ತದೆ. ಹೊಸದಕ್ಕೆ ಇಲ್ಲೇ ತೊಡಕು ಶುರು. ಎಂಡಿಎಂಎ, ಮೆಥಾಂಫೆಟಮೈನ್, ಮೆಫೆಡ್ರೋನ್ ಮೂರನ್ನೂ ಒಡೆದರೆ ಆ ಚಿತ್ರದಲ್ಲಿ ಎಲ್ಲಕ್ಕಿಂತ ಎತ್ತರದ ಗೆರೆ, ಅಂದರೆ ಪೀಕ್, ಬರುವುದು 58 ತೂಕದ ಚೂರಿನದೇ. ಈ ಮೂರನ್ನು ಉಳಿದ ಸಣ್ಣ ಪೀಕ್‌ಗಳಿಂದ, ಹೊರಬರುವ ಹೊತ್ತಿನಿಂದ ಬೇರೆ ಮಾಡಬಹುದು. ಆದರೆ ಮೆಫೆಡ್ರೋನ್‌ನ ಒಡಹುಟ್ಟುಗಳ ವಿಷಯಕ್ಕೆ ಬನ್ನಿ. ಮೆಫೆಡ್ರೋನ್ ಅಂದರೆ 4-ಎಂಎಂಸಿ. ಅದರ ಅಣುವಿನಲ್ಲಿರುವ ಉಂಗುರದ ಮೇಲಿನ ಮೀಥೈಲ್ ಗುಂಪು ನಾಲ್ಕನೇ ಜಾಗದಲ್ಲಿದೆ. ಅದನ್ನು ಒಂದು ಜಾಗ ಸರಿಸಿದರೆ 3-ಎಂಎಂಸಿ, ಇನ್ನೊಂದು ಸರಿಸಿದರೆ 2-ಎಂಎಂಸಿ. ತೂಕ ಒಂದೇ, ಚೂರುಗಳೂ ಹೆಚ್ಚೂಕಡಿಮೆ ಒಂದೇ. ಅಕ್ಕ ತಂಗಿಯರ ದನಿ ಫೋನಿನಲ್ಲಿ ಒಂದೇ ಥರ ಕೇಳುತ್ತದಲ್ಲ, ಹಾಗೆ. ಮುಖ ನೋಡಬೇಕಾದರೆ ಅಣುವಿನ ರಚನೆ ತೋರಿಸುವ ಇನ್‌ಫ್ರಾರೆಡ್ ಪರೀಕ್ಷೆ ಬೇಕು, ಇಲ್ಲವೇ ಎನ್‌ಎಂಆರ್ ಯಂತ್ರ ಬೇಕು. ಒಮ್ಮೆ ಕಟಕಟೆಯಲ್ಲಿ ವಕೀಲರೊಬ್ಬರು ಪಾಟಿ ಸವಾಲಿನಲ್ಲಿ ನನಗೆ ಇದನ್ನೇ ಕೇಳಿದರು. "ಮೇಡಂ, ನಾಲ್ಕು ಅಂತ ಬರೆದಿದ್ದೀರಿ, ಮೂರಲ್ಲ ಅಂತ ಹೇಗೆ ಹೇಳ್ತೀರಿ?" ತುಂಬ ಒಳ್ಳೆಯ ಪ್ರಶ್ನೆ. ಅದೃಷ್ಟಕ್ಕೆ ಆ ಕೇಸಿನಲ್ಲಿ ಇನ್‌ಫ್ರಾರೆಡ್ ಗ್ರಾಫ್ ನನ್ನ ಫೈಲಿನಲ್ಲಿತ್ತು. 3-ಎಂಎಂಸಿಯನ್ನು ವಿಶ್ವಸಂಸ್ಥೆ 2023ರಲ್ಲಿ ತನ್ನ ನಿಯಂತ್ರಣ ಪಟ್ಟಿಗೆ ಸೇರಿಸಿತು. ಅಂದರೆ ಈ ಮೂರು-ನಾಲ್ಕರ ವ್ಯತ್ಯಾಸ ಲ್ಯಾಬಿನ ಹುಚ್ಚು ಅಲ್ಲ, ಜಗತ್ತಿನ ಕಾನೂನುಗಳು ಅದರ ಮೇಲೆ ನಿಂತಿವೆ.

ಲೈಬ್ರರಿಯಲ್ಲಿ ಇಲ್ಲದ ವಸ್ತು ಬಂದರೆ? ಯಂತ್ರ "ಗೊತ್ತಿಲ್ಲ" ಅನ್ನುವುದಿಲ್ಲ. ಇರುವುದರಲ್ಲಿ ಹತ್ತಿರದ್ದು ಯಾವುದೋ ಅದರ ಹೆಸರು ಹೇಳುತ್ತದೆ, ಪಕ್ಕದಲ್ಲಿ ಹೋಲಿಕೆಯ ಅಂಕ ಕೊಡುತ್ತದೆ. ಆ ಅಂಕವನ್ನು ನಂಬಬೇಕೋ ಬಿಡಬೇಕೋ ಅಂತ ತೀರ್ಮಾನ ಮಾಡುವುದು ಮನುಷ್ಯರು. ನಂಬದೆ ಮುಂದೆ ಹೋಗಲು ರೆಫರೆನ್ಸ್ ಸ್ಟ್ಯಾಂಡರ್ಡ್ ಬೇಕು, ಅಂದರೆ ಆ ವಸ್ತುವಿನದೇ ಶುದ್ಧ ಮಾದರಿ. ಕೆಲವೇ ಮಿಲಿಗ್ರಾಂ ಸಾಕು, ಆದರೆ ಬೆಲೆ ಜಾಸ್ತಿ, ಎಷ್ಟೋ ಸಲ ಹೊರದೇಶದಿಂದ ಬರಬೇಕು. ನಿಯಂತ್ರಣದಲ್ಲಿರುವ ವಸ್ತುವಾದರೆ ಆಮದಿಗೆ ಗ್ವಾಲಿಯರ್‌ನ ನಾರ್ಕೋಟಿಕ್ಸ್ ಕಮಿಷನರ್ ಕಚೇರಿಯಿಂದ ಪ್ರಮಾಣಪತ್ರವೂ ಬೇಕು. ಈ ಕಡೆ ಎನ್‌ಡಿಪಿಎಸ್ ಕಾಯ್ದೆಯ 2022ರ ನಿಯಮ, ಲ್ಯಾಬ್ ವರದಿ 15 ದಿನದಲ್ಲಿ ಕೊಡಿ ಅನ್ನುತ್ತದೆ. ಮಾಮೂಲಿ ಗಾಂಜಾಗೆ ಸರಿ. ಹೆಸರೇ ಇಲ್ಲದ ಪುಡಿಗೆ 15 ದಿನದಲ್ಲಿ ಸ್ಟ್ಯಾಂಡರ್ಡ್ ಎಲ್ಲಿಂದ ತರುವುದು?

ಇದು ನಮ್ಮ ದೇಶದ ಕಷ್ಟ ಮಾತ್ರ ಅಲ್ಲ. 2008ರ ಹೊತ್ತಿಗೆ ಯುರೋಪಿನಲ್ಲಿ "ಸ್ಪೈಸ್" ಅನ್ನುವ ಪೊಟ್ಟಣ ಮಾರುತ್ತಿದ್ದರು. ಒಣಸೊಪ್ಪು, ಧೂಪಕ್ಕೆ ಅಂತ ಬರೆದಿರುತ್ತಿತ್ತು. ಸೇದಿದವರಿಗೆ ಗಾಂಜಾದಂಥ ಅಮಲು. ಮೂತ್ರಪರೀಕ್ಷೆ ಮಾಡಿದರೆ ಗಾಂಜಾ ಇಲ್ಲ. ಸೊಪ್ಪಿನಲ್ಲೇ ಏನೋ ಇರಬೇಕು ಅಂತ ಹುಡುಕಿದರು. ಕೊನೆಗೆ ಆ ವರ್ಷದ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಗುಟ್ಟು ಸಿಕ್ಕಿತು. ಸೊಪ್ಪಿನ ಮೇಲೆ ಜೆಡಬ್ಲ್ಯುಎಚ್-018 ಅನ್ನುವ ರಾಸಾಯನಿಕ ಸಿಂಪಡಿಸಿದ್ದರು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಜಾನ್ ಹಫ್‌ಮನ್ ಅವರ ತಂಡ ಮೆದುಳಿನ ಅಧ್ಯಯನಕ್ಕೆಂದು ತಯಾರಿಸಿದ್ದ ವಸ್ತು ಅದು. ಸಂಶೋಧನಾ ಪ್ರಬಂಧ ಓದಿದ ಯಾರೋ ಅದನ್ನು ವ್ಯಾಪಾರ ಮಾಡಿಕೊಂಡರು. 2009ರ ಜನವರಿಯಲ್ಲಿ ಜರ್ಮನಿ ಅದನ್ನು ನಿಷೇಧಿಸಿತು. ಕೆಲವೇ ವಾರದಲ್ಲಿ ಜೆಡಬ್ಲ್ಯುಎಚ್-073 ಹಾಕಿದ ಪೊಟ್ಟಣ ಬಂತು. ಒಂದು ಇಂಗಾಲ ಕಮ್ಮಿ, ಅಷ್ಟೇ. ಆಗಿನಿಂದ ಇದೇ ಓಟ. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿಯ ಎಚ್ಚರಿಕೆ ವ್ಯವಸ್ಥೆಗೆ ಈವರೆಗೆ ವರದಿಯಾದ ಇಂಥ ಹೊಸ ವಸ್ತುಗಳು 1,200ಕ್ಕೂ ಜಾಸ್ತಿ.

ಈಗ ನನ್ನನ್ನು ತುಂಬ ನೋಯಿಸಿದ ವಿಷಯ. ಕೋರ್ಟು ಲ್ಯಾಬಿಗೆ ಕೇಳುವ ಪ್ರಶ್ನೆ ಒಂದೇ: ಇದು ಕಾಯ್ದೆಯ ಪಟ್ಟಿಯಲ್ಲಿರುವ ವಸ್ತುವೇ? ಹೌದಾದರೆ ಹೌದು ಅಂತ ಬರೆಯಬೇಕು. ಇಲ್ಲವಾದರೆ "ಪಟ್ಟಿಯಲ್ಲಿನ ಮಾದಕವಸ್ತು ಕಂಡುಬಂದಿಲ್ಲ" ಅಂತ ಬರೆದು ಸೀಲು ಹಾಕಿ ಕಳಿಸಬೇಕು. ಆ ಒಂದು ಸಾಲು ಓದಿದವರಿಗೆ ಪುಡಿ ನಿರಪಾಯ ಅನ್ನಿಸುತ್ತದೆ. ಕೆಲವು ಸಲ ಅದೇ ಎಲ್ಲಕ್ಕಿಂತ ಅಪಾಯದ ಪುಡಿ. ಪಟ್ಟಿಗೆ ಇನ್ನೂ ಸೇರಿಲ್ಲ, ಅಷ್ಟೇ. ಕೇಸು ಬಿದ್ದುಹೋಗುತ್ತದೆ. ಲ್ಯಾಬಿನವರಿಗೆ ಕಂಡ ವಿಚಿತ್ರ ಪೀಕ್ ಫೈಲಿನೊಳಗೆ ಮಲಗುತ್ತದೆ. ಪಕ್ಕದ ಜಿಲ್ಲೆಯ ಲ್ಯಾಬಿಗೂ ತಿಳಿಯುವುದಿಲ್ಲ.

ಒಂದು ದಿನ ಸಂಜೆ ಒಬ್ಬ ಡಾಕ್ಟರು ನನಗೆ ಫೋನ್ ಮಾಡಿದರು. ಯಾವ ಆಸ್ಪತ್ರೆ ಅಂತ ಇಲ್ಲಿ ಬೇಡ. ಐಸಿಯುನಲ್ಲಿ ಒಬ್ಬ ಹುಡುಗ. ಮೈ ಕೆಂಡದಂತೆ ಸುಡುತ್ತಿದೆ, ಫಿಟ್ಸ್ ನಿಲ್ಲುತ್ತಿಲ್ಲ. ಮೂತ್ರದ ಕಿಟ್ಟಿನಲ್ಲಿ ಏನೂ ಬರಲಿಲ್ಲ. ಅವನ ಜೊತೆಗಾರರಿಂದ ವಶಪಡಿಸಿಕೊಂಡ ಪುಡಿ ನಿಮ್ಮಲ್ಲಿಗೆ ಬಂದಿದೆಯಂತೆ, ಏನು ಅಂತ ಹೇಳುತ್ತೀರಾ ಅಂತ ಕೇಳಿದರು. ಕವರು ನನ್ನ ಬೀರುವಿನಲ್ಲಿತ್ತು. ಸರತಿ ಪ್ರಕಾರ ಅದಕ್ಕೆ ಇನ್ನೂ ಬಹಳ ದಿನ ಇತ್ತು. ಸರತಿ ಮುರಿದು ಪರೀಕ್ಷೆ ಮಾಡಿದರೂ ಫಲಿತಾಂಶವನ್ನು ಕೋರ್ಟಿಗೆ, ಠಾಣೆಗೆ ಬಿಟ್ಟು ಬೇರೆ ಯಾರಿಗೂ ಹೇಳುವಂತಿರಲಿಲ್ಲ. ಮೇಲಿನವರನ್ನು ಕೇಳಿದೆ. ಬೇಡ ಅಂದರು. ಅವರೂ ನಿಯಮದ ಪ್ರಕಾರವೇ ಹೇಳಿದರು. ಆ ಹುಡುಗ ಬದುಕಿದ ಅಂತ ಆಮೇಲೆ ಗೊತ್ತಾಯಿತು. ಬದುಕಿದ್ದು ಡಾಕ್ಟರರ ಶ್ರಮದಿಂದ, ನಮ್ಮಿಂದ ಅಲ್ಲ.

ಆಸ್ಪತ್ರೆಯ ಕಿಟ್ ಬಗ್ಗೆ ಒಂದು ಮಾತು. ಅದು ಹುಡುಕುವುದು ಗಾಂಜಾ, ಹೆರಾಯಿನ್, ಆಂಫೆಟಮೈನ್ ಥರದ ಹಳೆಯ ಗುಂಪುಗಳನ್ನು. ಸ್ಪೈಸ್‌ನಲ್ಲಿದ್ದಂಥ, ಗಾಂಜಾದ ಅಮಲು ಕೊಡುವ ಸಿಂಥೆಟಿಕ್ ಕ್ಯಾನಬಿನಾಯ್ಡ್‌ಗಳು ಅದಕ್ಕೆ ಕಾಣುವುದಿಲ್ಲ. ನಿಟಜೀನ್ ಅನ್ನುವ ಹೊಸ ಓಪಿಯಾಯ್ಡ್‌ಗಳೂ, ಅಂದರೆ ಹೆರಾಯಿನ್ ಥರ ಕೆಲಸ ಮಾಡುವ ವಸ್ತುಗಳೂ, ಕಾಣುವುದಿಲ್ಲ. ಹಾಗಾಗಿ "ನೆಗೆಟಿವ್" ಅಂತ ಬಂದರೆ ಏನೂ ತೆಗೆದುಕೊಂಡಿಲ್ಲ ಅಂತ ಅರ್ಥ ಮಾಡಿಕೊಳ್ಳಬಾರದು. 2016ರ ಜುಲೈಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದೇ ದಿನ 33 ಜನ ರಸ್ತೆಯಲ್ಲಿ ಕಲ್ಲಿನಂತೆ ನಿಂತುಬಿಟ್ಟರು, ಕರೆದರೆ ಓಗೊಡಲಿಲ್ಲ. ಆಸ್ಪತ್ರೆಯವರು ರಕ್ತವನ್ನು, ಸಿಕ್ಕ ಪೊಟ್ಟಣವನ್ನು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದ ಲ್ಯಾಬಿಗೆ ಕಳಿಸಿದರು. ಪೊಟ್ಟಣದಲ್ಲಿ ಎಎಂಬಿ-ಫ್ಯೂಬಿನಾಕಾ ಅನ್ನುವ ಸಿಂಥೆಟಿಕ್ ಕ್ಯಾನಬಿನಾಯ್ಡ್ ಇತ್ತು. ರಕ್ತದಲ್ಲಿ ಅದು ಒಡೆದು ಉಳಿದ ಅಂಶ ಇತ್ತು. ಡಾಕ್ಟರರು ಮತ್ತು ಲ್ಯಾಬಿನವರು ಕೈಜೋಡಿಸಿದ್ದರಿಂದ ಅದು ಪತ್ತೆಯಾಯಿತು. ಪೊಟ್ಟಣ ಬರೀ ಕೋರ್ಟಿನ ಕಪಾಟಿಗೆ ಹೋಗಿದ್ದರೆ ಆಗುತ್ತಿರಲಿಲ್ಲ.

ನೆದರ್‌ಲೆಂಡ್ಸ್‌ನವರು ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿ 1990ರ ದಶಕದಿಂದ ಸರ್ಕಾರದ ಬೆಂಬಲದ ಒಂದು ವ್ಯವಸ್ಥೆ ಇದೆ. ಜನ ತಾವು ಕೊಂಡ ಮಾತ್ರೆಯನ್ನು ಹೆಸರು ಹೇಳದೆ ಪರೀಕ್ಷೆಗೆ ಕೊಡಬಹುದು. 2014ರ ಡಿಸೆಂಬರಿನಲ್ಲಿ ಹಾಗೆ ಬಂದ ಒಂದು ಗುಲಾಬಿ ಮಾತ್ರೆಯಲ್ಲಿ, ಮೇಲೆ ಸೂಪರ್‌ಮ್ಯಾನ್ ಗುರುತು ಇದ್ದದ್ದರಲ್ಲಿ, ಎಂಡಿಎಂಎ ಬದಲು ಪಿಎಂಎಂಎ ಅನ್ನುವ ಬೇರೆ ವಸ್ತು ಸಿಕ್ಕಿತು. ಇದು ನಿಧಾನಕ್ಕೆ ಏರುತ್ತದೆ. ಏರಲಿಲ್ಲವಲ್ಲ ಅಂತ ಇನ್ನೊಂದು ನುಂಗಿದವರ ಮೈಯ ಉಷ್ಣ ಹತೋಟಿ ತಪ್ಪುತ್ತದೆ. ಮಾತ್ರೆಯ ಫೋಟೊ ಸಮೇತ ಡಚ್ಚರು ಕೂಡಲೇ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. ಅದೇ ಮಾತ್ರೆ ಬ್ರಿಟನ್ನಿಗೂ ಹೋಗಿತ್ತು. ಅಲ್ಲಿ ಕ್ರಿಸ್‌ಮಸ್, ಹೊಸ ವರ್ಷದ ಆ ದಿನಗಳಲ್ಲಿ ನಾಲ್ವರು ಸತ್ತರು.

ನಮ್ಮಲ್ಲಿ ಮಾತ್ರೆ ಪರೀಕ್ಷೆಯ ಕೇಂದ್ರ ತೆರೆಯಿರಿ ಅಂತ ಇವತ್ತು ಕೇಳಿದರೆ ದೊಡ್ಡ ಜಗಳವೇ ಆಗಬಹುದು. ಅದು ಬೇರೆ ಚರ್ಚೆ. ನಾನು ಕೇಳುವುದು ಅದಕ್ಕಿಂತ ಚಿಕ್ಕದು. ವಶಪಡಿಸಿಕೊಂಡ ಪುಡಿ ನಮ್ಮ ಲ್ಯಾಬುಗಳಿಗೆ ಹೇಗೂ ಬರುತ್ತಿದೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ಮುಖ್ಯ ಪ್ರಯೋಗಾಲಯ ಇದೆ. ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ದಾವಣಗೆರೆಯಲ್ಲಿ ಪ್ರಾದೇಶಿಕ ಲ್ಯಾಬುಗಳಿವೆ. ಎಲ್ಲಾದರೂ ಹೊಸ ವಸ್ತು ಕಂಡರೆ, ಆರೋಪಿಯ ಹೆಸರು, ಕೇಸ್ ನಂಬರ್, ಠಾಣೆ ಏನೂ ಇಲ್ಲದೆ, ವಸ್ತುವಿನ ಮಾಹಿತಿಯನ್ನು ಮಾತ್ರ ಉಳಿದ ಲ್ಯಾಬುಗಳಿಗೆ, ಜಿಲ್ಲಾಸ್ಪತ್ರೆಗಳಿಗೆ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಅದೇ ವಾರ ಕಳಿಸುವ ಆದೇಶ ಸರ್ಕಾರ ಹೊರಡಿಸಲಿ. ಕೇಸಿಗೆ ಇದರಿಂದ ಧಕ್ಕೆ ಇಲ್ಲ. ಎನ್‌ಎಂಆರ್ ಇಲ್ಲ ಅಂತ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಳ್ಳೆಯ ಎನ್‌ಎಂಆರ್ ಕೇಂದ್ರವಿದೆ. ಲಿಖಿತ ಒಪ್ಪಂದ ಮಾಡಿಕೊಂಡು, ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆ ಇಟ್ಟುಕೊಂಡರೆ ಆಯಿತು. ಖಾಲಿ ಹುದ್ದೆ ತುಂಬಬೇಕು ಅಂತ ಬೇರೆ ಹೇಳಬೇಕಾಗಿಲ್ಲ. ಒಬ್ಬರೇ ದಿನಕ್ಕೆ ರಾಶಿ ಗಾಂಜಾ ಸ್ಯಾಂಪಲ್ ಮುಗಿಸಬೇಕಾದ ಕಡೆ, ವಿಚಿತ್ರ ಪೀಕಿನ ಹಿಂದೆ ಹೋಗಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ.

ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡು. ಬಂಧನದ ಸುದ್ದಿಯಲ್ಲಿ "ಎಂಡಿಎಂಎ ಎಂದು ಶಂಕಿಸಲಾದ ಪುಡಿ" ಅಂತ ಬರೆಯಿರಿ. ಒಂದೆರಡು ಪದ ಜಾಸ್ತಿ ಆಗುತ್ತದೆ, ಆಗಲಿ. ಮತ್ತೆ, ಯಾವುದಾದರೂ ದೊಡ್ಡ ಪ್ರಕರಣದ ಬಗ್ಗೆ ಬರೆದಿದ್ದರೆ, ಆರು ತಿಂಗಳ ಮೇಲೆ ನಿಮ್ಮ ವರದಿಗಾರರನ್ನು ಒಮ್ಮೆ ಕೋರ್ಟಿಗೆ ಕಳಿಸಿ. ಚಾರ್ಜ್‌ಶೀಟ್ ಜೊತೆ ಲ್ಯಾಬ್ ವರದಿ ಇರುತ್ತದೆ. ಅದರಲ್ಲಿ ಯಾವ ಹೆಸರಿದೆ ಅಂತ ನೋಡಿ ಅಚ್ಚು ಹಾಕಿ. "ಕಂಡುಬಂದಿಲ್ಲ" ಅಂತಿದ್ದರೆ, ಹಾಗಾದರೆ ಒಳಗಿದ್ದದ್ದು ಏನು ಅಂತ ಕೇಳಿ. ಪತ್ರಿಕೆ ಕೇಳಿದರೆ ಇಲಾಖೆ ಉತ್ತರ ಹುಡುಕುತ್ತದೆ. ನಾವು ಒಳಗಿನವರು ಕೇಳಿದರೆ ಫೈಲು ಅಲ್ಲೇ ನಿಲ್ಲುತ್ತದೆ.

ಓದುಗರಲ್ಲಿ ಹೆತ್ತವರು, ಹಾಸ್ಟೆಲ್ ವಾರ್ಡನ್‌ಗಳು ಇರುತ್ತೀರಿ. ಮಗ, ಮಗಳು, ಅವರ ಸ್ನೇಹಿತರು ಯಾರಾದರೂ ಪ್ರಜ್ಞೆ ತಪ್ಪಿದರೆ ಹೆದರಿ ಪುಡಿಯನ್ನು, ಕವರನ್ನು ಟಾಯ್ಲೆಟ್ಟಿಗೆ ಸುರಿಯಬೇಡಿ. ಮೂಸಬೇಡಿ, ನಾಲಿಗೆಗೆ ತಾಗಿಸಬೇಡಿ. ಇನ್ನೊಂದು ಕವರಿನೊಳಗೆ ಹಾಕಿ, ರೋಗಿಯ ಜೊತೆಯಲ್ಲೇ ಆಸ್ಪತ್ರೆಗೆ ಒಯ್ದು ಡಾಕ್ಟರ ಕೈಗೆ ಕೊಡಿ. ಎಷ್ಟು ಹೊತ್ತಿಗೆ, ಎಷ್ಟು, ಯಾವುದರ ಜೊತೆ ತೆಗೆದುಕೊಂಡರು ಅಂತ ಗೊತ್ತಿದ್ದಷ್ಟು ಹೇಳಿ. ಓಪಿಯಾಯ್ಡ್ ಆದರೆ ನಲಾಕ್ಸೋನ್ ಅನ್ನುವ ಪ್ರತಿಮದ್ದು ಕೆಲಸ ಮಾಡುತ್ತದೆ, ಮೆಫೆಡ್ರೋನ್ ಥರದ್ದಾದರೆ ಮಾಡುವುದಿಲ್ಲ. ಡಾಕ್ಟರಿಗೆ ನೀವು ಕೊಡುವ ಸುಳಿವು ಅಷ್ಟು ಮುಖ್ಯ. ಪೊಲೀಸ್ ಕೇಸಿಗೆ ಹೆದರುವವರಿಗೆ ಒಂದು ವಿಷಯ: ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಕಲಂ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಚಟ ಬಿಡಿಸಲು ಸಹಾಯ ಬೇಕಾದರೆ 14446ಕ್ಕೆ ಕರೆ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಇಂತಿ,
ನಿವೃತ್ತ ವಿಧಿವಿಜ್ಞಾನ ರಸಾಯನ ತಜ್ಞೆ,
ಮೈಸೂರು